ಬೇಹುಗಾರ್ತಿ ಕಾದಂಬರಿ: ಕನ್ನಡ ಕಥನ ಮತ್ತು ಗದಗ ಸೀಮೆ

ಯುದ್ಧಕಾಲದಲ್ಲಿ ತನ್ನ ಹೆಸರು, ಊರು, ಉಡುಗೆ, ಮಾತಿನ ಧಾಟಿ ಎಲ್ಲವನ್ನೂ ಮರೆಸಿಕೊಂಡು ಎದುರಾಳಿಗಳ ನಡುವೆಯೇ ಇದ್ದು ಕೆಲಸ ಮಾಡುವ ಯುವತಿಯ ಕಥೆ ಹೇಳುವ ಕಾದಂಬರಿಯೇ ಬೇಹುಗಾರ್ತಿ ಕಾದಂಬರಿ. ಪತ್ತೇದಾರಿ ಕಾದಂಬರಿಯೊಂದಿಗೆ ಇದಕ್ಕೆ ನಂಟಿದೆ, ಆದರೆ ಎರಡೂ ಒಂದಲ್ಲ. ಪತ್ತೇದಾರಿಯಲ್ಲಿ ಅಪರಾಧ ಮೊದಲೇ ನಡೆದುಹೋಗಿರುತ್ತದೆ. ಮಾಡಿದವರು ಯಾರೆಂದು ಓದುಗ ಹುಡುಕುತ್ತ ಹೋಗುತ್ತಾನೆ. ಇಲ್ಲಿ ಹಾಗಲ್ಲ. ಅವಳು ಯಾರೆಂಬುದು ಓದುಗರಿಗೆ ಮೊದಲ ಪುಟದಿಂದಲೇ ಗೊತ್ತು. ಅವಳ ಜೊತೆ ಉಂಡು ಮಲಗುವವರಿಗೆ ಅದು ಯಾವ ಗಳಿಗೆಯಲ್ಲಿ ಗೊತ್ತಾದೀತು ಎಂಬ ಆತಂಕದ ಮೇಲೆ ಇಡೀ ಕಥೆ ನಿಂತಿರುತ್ತದೆ.

ಈ ಬಗೆಯ ಕಾದಂಬರಿಗೆ ಎರಡು ಮಹಾಯುದ್ಧಗಳು ವಸ್ತು ಒದಗಿಸಿವೆ. ಸೆಬಾಸ್ಟಿಯನ್ ಫಾಕ್ಸ್ ಬರೆದ ‘ಷಾರ್ಲಟ್ ಗ್ರೇ’ (1998), ಮೊದಲ ಮಹಾಯುದ್ಧದ ಫ್ರೆಂಚ್ ಬೇಹುಗಾರ್ತಿ ಲೂಯಿಸ್ ಡ ಬೆಟಿನ್ಯೀಯ ಜಾಲವನ್ನು ಆಧರಿಸಿದ ಕೇಟ್ ಕ್ವಿನ್‌ರ ‘ದಿ ಆಲಿಸ್ ನೆಟ್‌ವರ್ಕ್’ (2017), ಕೇಟ್ ಅಟ್‌ಕಿನ್‌ಸನ್‌ರ ‘ಟ್ರಾನ್ಸ್‌ಕ್ರಿಪ್ಷನ್’ (2018) ಹೆಸರುವಾಸಿಯಾದವು. ಭಾರತದಲ್ಲಿ ಹರಿಂದರ್ ಸಿಕ್ಕಾ ಬರೆದ ‘ಕಾಲಿಂಗ್ ಸೆಹ್‌ಮತ್’ (2008) ಹೆಚ್ಚು ಪ್ರಸಿದ್ಧ. 1971ರ ಯುದ್ಧದ ಹೊತ್ತಿಗೆ ಪಾಕಿಸ್ತಾನದ ಸೇನಾ ಮನೆತನಕ್ಕೆ ಸೊಸೆಯಾಗಿ ಹೋಗುವ ಕಾಶ್ಮೀರಿ ಹುಡುಗಿಯ ಕಥೆ ಅದು. 2018ರಲ್ಲಿ ‘ರಾಜಿ’ ಎಂಬ ಹಿಂದಿ ಚಿತ್ರವಾಗಿ ಮನೆಮಾತಾಯಿತು.

ಈ ಪ್ರಕಾರದ ಹಿಂದಿರುವ ನಿಜ ಬದುಕುಗಳಲ್ಲಿ ಕನ್ನಡ ನಾಡಿಗೆ ಹತ್ತಿರವಾದದ್ದು ನೂರ್ ಇನಾಯತ್ ಖಾನ್‌ಳದು. ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಸೂಫಿ ಗುರು ಹಾಗೂ ಸಂಗೀತಗಾರ ಇನಾಯತ್ ಖಾನ್ ಬರೋಡೆಯವರು. ಅವರ ತಾಯಿಯ ತಂದೆ ಮೌಲಾಬಕ್ಷ್ ಮೈಸೂರಿನ ಅರಮನೆಯಲ್ಲಿ ಮನ್ನಣೆ ಪಡೆದ ಗಾಯಕರು; ಟಿಪ್ಪು ಸುಲ್ತಾನನ ವಂಶದ ಹೆಣ್ಣನ್ನು ಮದುವೆಯಾದರೆಂದು ನೂರ್‌ಳ ಜೀವನಚರಿತ್ರೆಕಾರರು ಬರೆದಿದ್ದಾರೆ. ಪ್ಯಾರಿಸ್ ಬಳಿಯ ಸುರೇನ್‌ನಲ್ಲಿ ಬೆಳೆದ ಈಕೆ ಹಾರ್ಪ್ ನುಡಿಸುತ್ತಿದ್ದಳು, ಮಕ್ಕಳ ಮನಶ್ಶಾಸ್ತ್ರ ಓದಿದ್ದಳು, 1939ರಲ್ಲಿ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಮರುಹೇಳಿ ಪುಸ್ತಕ ಮಾಡಿದ್ದಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತದಳ ಸೇರಿದ, ಮೆಲುದನಿಯ, ಸುಳ್ಳು ಹೇಳಲು ಒಗ್ಗದ ಈ ಹುಡುಗಿ ಗುಪ್ತ ಕೆಲಸಕ್ಕೆ ಆಗುವವಳಲ್ಲ ಎಂದು ತರಬೇತಿ ಕೊಟ್ಟವರಲ್ಲಿ ಕೆಲವರು ಅಭಿಪ್ರಾಯ ಬರೆದಿದ್ದರು. ಆದರೂ 1943ರ ಜೂನ್ 16ರ ರಾತ್ರಿ ಆಕೆಯನ್ನು ಲೈಸಾಂಡರ್ ಎಂಬ ಪುಟ್ಟ ವಿಮಾನದಲ್ಲಿ ಫ್ರಾನ್ಸಿಗೆ ಇಳಿಸಲಾಯಿತು. ಜರ್ಮನರ ಹಿಡಿತದಲ್ಲಿದ್ದ ಆ ದೇಶಕ್ಕೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಆಕೆ. ಗುಪ್ತ ಹೆಸರು ‘ಮೆಡಲೀನ್’.

ಹೋದ ಕೆಲವೇ ದಿನಗಳಲ್ಲಿ ಆಕೆ ಸೇರಿದ್ದ ಜಾಲವೇ ಜರ್ಮನರ ಕೈಗೆ ಸಿಕ್ಕಿತು. ವಾಪಸು ಬಾ ಎಂದು ಲಂಡನ್ ಹೇಳಿದರೂ ಬರಲಿಲ್ಲ. ಹದಿನಾಲ್ಕು ಕೆ.ಜಿ.ಯಷ್ಟು ತೂಗುವ ಯಂತ್ರವನ್ನು ಸೂಟ್‌ಕೇಸಿನಲ್ಲಿ ಹೊತ್ತುಕೊಂಡು ಮನೆಯಿಂದ ಮನೆಗೆ ಅಲೆಯುತ್ತ, ಉದ್ದನೆಯ ಏರಿಯಲ್ ತಂತಿಯನ್ನು ಎಲ್ಲಾದರೂ ಕಟ್ಟಿ, ಬೇಗ ಸಂದೇಶ ಕಳಿಸಿ ಜಾಗ ಬದಲಿಸುತ್ತ ಮೂರು ತಿಂಗಳಿಗೂ ಹೆಚ್ಚು ಕಾಲ ಲಂಡನ್ ಮತ್ತು ಪ್ಯಾರಿಸ್‌ಗಳ ನಡುವಿನ ಕೊಂಡಿಯಾಗಿ ಉಳಿದಳು. ಅಕ್ಟೋಬರಿನಲ್ಲಿ ಯಾರೋ ಹಿಡಿದುಕೊಟ್ಟರು. ಸೆರೆಯಲ್ಲಿ ಸರಪಳಿ ಬಿಗಿದು ಹತ್ತು ತಿಂಗಳು ಒಂಟಿಯಾಗಿ ಕೂಡಿಹಾಕಿದ್ದರೂ ಬಾಯಿ ಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಹೌ ಸೆರೆಶಿಬಿರದಲ್ಲಿ ಗುಂಡಿಕ್ಕಿ ಕೊಂದರು. 1949ರಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ಗೌರವ ನೀಡಿತು. 2003ರಲ್ಲಿ ಆಕೆಯ ಸರ್ಕಾರಿ ಕಡತ ಸಾರ್ವಜನಿಕರಿಗೆ ತೆರೆಯಿತು. ಅದನ್ನು ಬಳಸಿಕೊಂಡು ಶ್ರಾಬಣಿ ಬಸು ಬರೆದ ಜೀವನಚರಿತ್ರೆ 2006ರಲ್ಲಿ ಬಂತು. ಈ ಕಡತವನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಯುರೋಪಿನ ಬೇಹುಗಾರ್ತಿ ಕಾದಂಬರಿ ಹುಲುಸಾಗಿ ಬೆಳೆದದ್ದು ಕಡತಗಳ ಮೇಲೆ: ನೇಮಕದ ಪತ್ರ, ತರಬೇತಿಯ ಟಿಪ್ಪಣಿ, ಗುಪ್ತ ಹೆಸರು, ಹಿಡಿದವರ ಹೇಳಿಕೆ. ಸ್ವಾತಂತ್ರ್ಯ ಹೋರಾಟದಲ್ಲಿ ಗುಟ್ಟಾಗಿ ದುಡಿದ ಗದಗ ಸೀಮೆಯ ಹೆಂಗಸರ ವಿಷಯಕ್ಕೆ ಬಂದರೆ ಇಂಥ ಕಾಗದಗಳ ಆಸರೆ ಸಿಗುವುದಿಲ್ಲ.

ಕನ್ನಡ ಕಥನದಲ್ಲಿ ಬೇಹುಗಾರಿಕೆ ಹೊಸದೇನೂ ಅಲ್ಲ. 1031ರ ಸುಮಾರಿಗೆ ‘ಕರ್ಣಾಟಕ ಪಂಚತಂತ್ರ’ ಬರೆದ ದುರ್ಗಸಿಂಹ ಕಿಸುಕಾಡು ನಾಡಿನ ಸಯ್ಯಡಿಯವನು. ಇಂದಿನ ಗದಗ ಸೀಮೆಯ ರೋಣ ತಾಲ್ಲೂಕಿನ ಸವಡಿಯೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವನು ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ, ಎಂದರೆ ಯುದ್ಧ ಮತ್ತು ಒಪ್ಪಂದಗಳ ಮಂತ್ರಿ. ಶತ್ರುಪಾಳೆಯದ ಸುದ್ದಿ ತರಿಸುವುದು ಅವನ ದಿನನಿತ್ಯದ ಕೆಲಸದ ಭಾಗವೇ ಆಗಿದ್ದಿರಬೇಕು. ಪಂಚತಂತ್ರ ಪರಂಪರೆಯ ಕಾಗೆ-ಗೂಬೆಗಳ ಕಥೆಯಲ್ಲಿ ಕಾಗೆಗಳ ಮುದಿ ಮಂತ್ರಿ ತನ್ನವರಿಂದಲೇ ಪೆಟ್ಟು ತಿಂದವನಂತೆ ನಟಿಸಿ, ಗೂಬೆಗಳ ಆಶ್ರಯ ಪಡೆದು, ಅವುಗಳ ಗುಹೆಯ ಗುಟ್ಟು ತಿಳಿದು ಬೆಂಕಿಯಿಡಿಸುತ್ತಾನೆ. ಬೇಹಿನ ಕಥೆಗೆ ಬೇಕಾದ ಸುಳ್ಳು ಗಾಯ, ಸುಳ್ಳು ದ್ವೇಷ, ನಿಜವಾದ ಆತಿಥ್ಯ ಎಲ್ಲವೂ ಅಲ್ಲಿ ಅಣಿಯಾಗಿವೆ.

ಇನ್ನೂ ಮುಖ್ಯವಾದದ್ದು ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823). ಹೊಸಗನ್ನಡ ಕಾದಂಬರಿಯ ಮುನ್ಸೂಚನೆ ಎಂದು ಸಾಹಿತ್ಯ ಚರಿತ್ರೆಕಾರರು ಎಣಿಸುವ ಈ ಗದ್ಯಕೃತಿ ವಿಶಾಖದತ್ತನ ‘ಮುದ್ರಾರಾಕ್ಷಸ’ದ ವಸ್ತುವನ್ನು ಹಿಗ್ಗಿಸಿ ಹೇಳುತ್ತದೆ. ಚಾಣಕ್ಯ ಮತ್ತು ನಂದರ ಮಂತ್ರಿ ರಾಕ್ಷಸ ಒಬ್ಬರ ಮೇಲೊಬ್ಬರು ಬಿಡುವ ಚಾರರು, ಜೋಗಿಯ ವೇಷ, ಕದ್ದ ಮುದ್ರೆಯುಂಗುರ, ಬರೆಸಿದ ಸುಳ್ಳು ಪತ್ರ ಎಲ್ಲ ಸೇರಿ ಹೊಸಗನ್ನಡ ಗದ್ಯದ ಈ ಆರಂಭದ ನೀಳ್ಗಥೆ ಬೇಹಿನ ಕಥೆಯೇ ಆಗಿದೆ. ಆ ಕಥಾಪರಂಪರೆಯಲ್ಲೊಬ್ಬಳು ಯುವತಿಯೂ ಇದ್ದಾಳೆ: ವಿಷಕನ್ಯೆ. ಒಬ್ಬ ರಾಜನನ್ನು ಕೊಲ್ಲಲು ಕಳಿಸಿದವಳು ಚಾಣಕ್ಯನ ತಂತ್ರದಿಂದ ಇನ್ನೊಬ್ಬ ರಾಜನ ಸಾವಿಗೆ ಕಾರಣಳಾಗುತ್ತಾಳೆ. ಅವಳಿಗೆ ಮಾತಿಲ್ಲ, ಮನಸ್ಸಿಲ್ಲ. ಗಂಡಸರಿಬ್ಬರ ಕೈಯಲ್ಲಿ ಅವಳು ಬರಿಯ ಆಯುಧ. ಕನ್ನಡದ ಜನಪ್ರಿಯ ಕಥನ ಬಹುಕಾಲ ಇದೇ ಅಚ್ಚಿನಲ್ಲಿ ಹೆಣ್ಣನ್ನು ಎರಕ ಹೊಯ್ಯಿತು.

ಎನ್. ನರಸಿಂಹಯ್ಯನವರ ಪುರುಷೋತ್ತಮ ಎಂಬ ಪತ್ತೇದಾರ ನಾಡಿನ ಮೂಲೆಮೂಲೆಯ ವಾಚನಾಲಯಗಳಲ್ಲಿ ಆರಾಧ್ಯನಾಗಿದ್ದ. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಹೇರಳವಾಗಿ ಬರೆದರು. ಕನ್ನಡ ಓದುಗರನ್ನು ಬೆಳೆಸಿದ ಈ ಇಬ್ಬರ ಉಪಕಾರ ದೊಡ್ಡದು. ಎಷ್ಟೋ ಮನೆಗಳಲ್ಲಿ ಓದಿನ ರುಚಿ ಹತ್ತಿದ್ದೇ ಇಂಥ ಪುಸ್ತಕಗಳಿಂದ. ಚಿತ್ರರಂಗದಲ್ಲಿ ದೊರೈ-ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಸಿಐಡಿ 999 ಮಾಡಿ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ (1968) ಮೊದಲಾದ ಚಿತ್ರಗಳನ್ನು ಕೊಟ್ಟಿತು. ಇಲ್ಲೆಲ್ಲ ಸಾಹಸ ಗಂಡಿನದು. ಹೆಣ್ಣು ಮೋಹಿಸುವವಳು, ಇಲ್ಲವೇ ಬಿಡುಗಡೆಗೆ ಕಾಯುವವಳು.

ಸ್ವಾತಂತ್ರ್ಯ ಹೋರಾಟದ ಕಾದಂಬರಿ ಬೇರೆ ದಾರಿ ಹಿಡಿಯಿತು. ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿ (1919–1989) 1942ರ ಚಳವಳಿಯನ್ನೇ ವಸ್ತುವಾಗಿಟ್ಟುಕೊಂಡು ‘ಮಾಡಿ ಮಡಿದವರು’ ಬರೆದರು. ಕೆ. ಎಂ. ಶಂಕರಪ್ಪ ನಿರ್ದೇಶನದಲ್ಲಿ ಅದು ಸಿನಿಮಾ ಕೂಡ ಆಯಿತು. ಉತ್ತರ ಕರ್ನಾಟಕದ ಹಳ್ಳಿಯ ಭೂಗತ ಹೋರಾಟ ಕಥೆಯಾಗಿ ಗಟ್ಟಿಯಾಗಿ ನಿಂತದ್ದು ಕಟ್ಟೀಮನಿಯವರಿಂದ. ವೇಷ ಮರೆಸಿದ ಹೆಣ್ಣೊಬ್ಬಳ ಒಳಗಿನಿಂದ ಇದೇ ಜಗತ್ತನ್ನು ತೋರಿಸುವ ಕೆಲಸಕ್ಕೆ ಗದಗ ಸೀಮೆಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಅದಕ್ಕೆ ಕಾರಣ ಅಲ್ಲಿನ ಗಡಿಗಳು.

ಇಂದಿನ ಗದಗ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ, ಧಾರವಾಡ ಜಿಲ್ಲೆಯಿಂದ ಬೇರೆಯಾಗಿ. ಸ್ವಾತಂತ್ರ್ಯದ ಹಿಂದಿನ ನಕ್ಷೆಯನ್ನು ಬಿಡಿಸಿಟ್ಟರೆ ಬೇರೆಯೇ ಚಿತ್ರ. ಗದಗ-ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತ್ಯ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲ್ಲೂಕು. ಹಳೆಯ ಪುಲಿಗೆರೆಯಾದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ನಡೆದರೆ ಅಳವಂಡಿ, ಕೊಪ್ಪಳ: ಅದು ನಿಜಾಮನ ಹೈದರಾಬಾದ್ ರಾಜ್ಯ, ಅದರಲ್ಲೂ ಕೊಪ್ಪಳ ಸಾಲಾರ್‌ಜಂಗ್ ಮನೆತನದ ಜಹಗೀರು. ತೆಂಕಣಕ್ಕೆ ತುಂಗಭದ್ರೆ ದಾಟಿದರೆ ಹೂವಿನಹಡಗಲಿ, ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಎತ್ತಿನ ಗಾಡಿಯಲ್ಲಿ ಒಂದೆರಡು ದಿನ ಓಡಾಡುವಷ್ಟು ನೆಲದಲ್ಲಿ ಐದು ಆಡಳಿತಗಳು, ಐದು ಬಗೆಯ ಪೊಲೀಸರು. ಮಾತು ಮಾತ್ರ ಒಂದೇ, ಬೀಗತನಗಳು ಗಡಿಯ ಎರಡೂ ಕಡೆ. ತವರಿಗೆ ಹೊರಟ ಹೆಣ್ಣುಮಗಳು, ಜಾತ್ರೆಗೆ ಹೊರಟ ತಾಯಿ ದಿನವೂ ಈ ಗಡಿಗಳನ್ನು ದಾಟುತ್ತಿದ್ದರು. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೆ ಬರುವ ಭಕ್ತರನ್ನು, ಗದಗಿನ ಅರಳೆ ಪೇಟೆಗೆ ಬರುವ ಗಾಡಿಗಳನ್ನು, ಬೆಟಗೇರಿಯ ನೇಕಾರರ ಸೀರೆ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡುವುದು ಯಾವ ಸರ್ಕಾರದ ಕೈಲೂ ಆಗದ ಮಾತು. ಸೊಲ್ಲಾಪುರದ ಕಡೆಯಿಂದ ಬರುವ ರೈಲು ಮಾರ್ಗ ಮತ್ತು ಹುಬ್ಬಳ್ಳಿ-ಗುಂತಕಲ್ ಮಾರ್ಗ ಕೂಡುವ ಜಂಕ್ಷನ್ ಗದಗ. ಮುಂಬಯಿಯಿಂದ ಬಂದ ಕಾಗದ ಇಲ್ಲಿ ಇಳಿದರೆ ಮುಂದೆ ಯಾವ ದಿಕ್ಕಿಗಾದರೂ ಹೋಗಬಹುದಿತ್ತು.

ಗುಟ್ಟು ಉಳಿಯದಿದ್ದರೆ ಏನಾಗುತ್ತದೆಂಬುದನ್ನು ಈ ಸೀಮೆ 1858ರಲ್ಲೇ ಕಂಡಿತ್ತು. ಮುಂಡರಗಿಯ ಭೀಮರಾಯ, ಹಮ್ಮಿಗಿಯ ಕೆಂಚನಗೌಡ, ನರಗುಂದದ ಬಾಬಾಸಾಹೇಬ ಗುಪ್ತವಾಗಿ ಬಂಡಾಯಕ್ಕೆ ಅಣಿಯಾಗುತ್ತಿದ್ದರು. ಕೂಡಿಟ್ಟ ಆಯುಧಗಳ ಸುಳಿವು ಸರ್ಕಾರಕ್ಕೆ ಸಿಕ್ಕಿದ್ದರಿಂದ ಮೇ ತಿಂಗಳ ಕೊನೆಯಲ್ಲಿ ಭೀಮರಾಯ ಅವಸರದಲ್ಲಿ ಏಳಬೇಕಾಯಿತು. ಡಂಬಳದ ಖಜಾನೆಗೆ ಮುತ್ತಿಗೆ ಹಾಕಿ, ಗಡಿ ದಾಟಿ ಕೊಪ್ಪಳದ ಕೋಟೆ ಹಿಡಿದ ಆತ ಜೂನ್ 1ರಂದು ಅಲ್ಲೇ ಮಡಿದ. ನರಗುಂದ ಮರುದಿನವೇ ಬಿತ್ತು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

1942ರಲ್ಲಿ ಗುಟ್ಟು ಮನೆಮನೆಗಳಲ್ಲಿ ಉಳಿಯಿತು. ಆಗಸ್ಟ್ 8ರ ‘ಭಾರತ ಬಿಟ್ಟು ತೊಲಗಿ’ ನಿರ್ಣಯದ ಬೆನ್ನಿಗೇ ನಾಯಕರು ಸೆರೆಯಾದರು. ರಂಗನಾಥ ದಿವಾಕರರಂಥವರು ಭೂಗತರಾಗಿ ಎರಡು ವರ್ಷದಷ್ಟು ಕಾಲ ಕರ್ನಾಟಕದ ಚಳವಳಿಯನ್ನು ನಡೆಸಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ತಂತಿ ಕಡಿಯುವುದು, ಚಾವಡಿಯ ದಫ್ತರ ಸುಡುವುದು, ರೈಲು ನಿಲ್ದಾಣಗಳಿಗೆ ಬೆಂಕಿಯಿಡುವುದು ನಡೆಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಓಡಾಡುವ ಗಂಡಸರಿಗೆ ರಾತ್ರಿ ಊಟ, ಬಟ್ಟೆ, ಹಣ, ಮಲಗಲು ಜಾಗ ಬೇಕು. ಪೊಲೀಸರು ಬಂದರೆ ಬಾಗಿಲಲ್ಲಿ ನಿಂತು ಕಂಪಿಸದ ದನಿಯಲ್ಲಿ ಮಾತಾಡುವವರು ಬೇಕು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ (1892–1992) ಈ ಕೆಲಸಕ್ಕೆ ದೊಡ್ಡ ಹೆಸರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳದ ಸ್ವಯಂಸೇವಕಿಯರನ್ನು ಮುನ್ನಡೆಸಿದ್ದವರು, 1932ರಲ್ಲಿ ಯರವಡಾದಲ್ಲಿ ಸೆರೆವಾಸ ಕಂಡವರು. ಆಗ ಸರ್ಕಾರ ಅವರ ಮುದ್ರಣಾಲಯ ಕಸಿದುಕೊಂಡಿತು, ಶಾಲೆಗೆ ಬೀಗ ಹಾಕಿತು, ಅವರ ಮಹಿಳಾ ಸಂಘ ಭಗಿನಿ ಮಂಡಳವನ್ನು ಕಾನೂನುಬಾಹಿರವೆಂದು ಸಾರಿತು. ಅಷ್ಟಾದ ಮೇಲೂ 1942ರಲ್ಲಿ ಭೂಗತರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ತಟ್ಟುತ್ತಿದ್ದದ್ದು ಅವರ ಪುಟ್ಟ ಮನೆಯ ಬಾಗಿಲನ್ನೇ.  ಉಂಡು, ಹಣ ಪಡೆದು ಹೊರಟವರ ಹೆಸರನ್ನು ಬರೆದಿಡದಿರುವುದೇ ಇಂಥ ಕೆಲಸದ ಮೊದಲ ನಿಯಮ.

1942ರ ಚಳವಳಿಯ ಮೊದಲ ತಿಂಗಳುಗಳಲ್ಲೇ ಮುಂಬಯಿಯಲ್ಲಿ ಇಪ್ಪತ್ತೆರಡರ ಉಷಾ ಮೆಹತಾ ಮತ್ತು ಗೆಳೆಯರು ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿ ನವೆಂಬರ್ 12ರಂದು ಸಿಕ್ಕಿಬಿದ್ದರು. ಅವರ ಕಥೆ ವಿವರವಾಗಿ ಉಳಿದದ್ದಕ್ಕೆ ಅವರು ಸಿಕ್ಕಿಬಿದ್ದು ಮೊಕದ್ದಮೆ ನಡೆದದ್ದೂ ಒಂದು ಕಾರಣ.

ಈ ಸೀಮೆಗೆ ನಿಜವಾದ ಯುದ್ಧಕಾಲ ಬಂದದ್ದು ದೇಶ ಸ್ವತಂತ್ರವಾದ ಮೇಲೆ. ಹೈದರಾಬಾದ್ ಭಾರತದ ಒಕ್ಕೂಟ ಸೇರಲು ಒಪ್ಪಲಿಲ್ಲ. ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಹಳ್ಳಿಗಳಿಗೆ ನುಗ್ಗಿತು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ಗಡಿ ದಾಟಿ ಬಂದು ಈಚೆ ಬದಿಯಲ್ಲಿ ಶಿಬಿರಗಳನ್ನು ಹೂಡಿದರು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಖಂಡರು. ಶಿವಮೂರ್ತಿಸ್ವಾಮಿಯವರ ಸ್ವಂತ ಊರು ಹತ್ತಿರದಲ್ಲೇ, ಆದರೆ ಗಡಿಯ ಆಚೆ. 1948ರ ಮಾರ್ಚ್ 8ರಂದು ಸಾಂಗ್ಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ ಶಿರಹಟ್ಟಿ, ಲಕ್ಷ್ಮೇಶ್ವರಗಳ ಸುತ್ತಲಿನ ಗೆರೆಗಳು ಅಳಿಸಿದವು; ಮುಂಡರಗಿಯ ಮೂಡಣದ ಗೆರೆ ಮಾತ್ರ ಇನ್ನಷ್ಟು ದಪ್ಪವಾಯಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿ 17ರಂದು ನಿಜಾಮ ಶರಣಾಗುವವರೆಗೆ ಆ ಗೆರೆಯ ಆಚೆಗಿನ ಒಂದೊಂದು ಸುದ್ದಿಗೂ ಬೆಲೆಯಿತ್ತು: ಠಾಣೆಯಲ್ಲಿ ಎಷ್ಟು ಜನ, ರಜಾಕಾರರ ತುಕಡಿ ಯಾವ ದಾರಿಯಲ್ಲಿ, ಧಾನ್ಯ ಎಲ್ಲಿ ಕೂಡಿಟ್ಟಿದೆ.

ಆ ಗೆರೆ ದಾಟುವವಳು ಏನೇನು ಮರೆಸಬೇಕಿತ್ತು ಎಂಬುದನ್ನು ಹತ್ತಿರದಿಂದ ನೋಡಿದರೆ ಕಾದಂಬರಿಯ ಉಸಿರು ಸಿಗುತ್ತದೆ. ಮೊದಲನೆಯದು ಸೆರಗಿನ ಗಂಟಿನಲ್ಲಿರುವ ದುಡ್ಡು. ಗಡಿಯ ಈಚೆ ನಡೆಯುತ್ತಿದ್ದುದು ಬ್ರಿಟಿಷ್ ಕಾಲದ ರೂಪಾಯಿ. ನಿಜಾಮನ ಪ್ರಜೆಗಳು ಅದನ್ನು ‘ಕಲ್ದಾರ’ ಎನ್ನುತ್ತಿದ್ದರು. ಆಚೆಗೆ ‘ಹಾಲಿ ಸಿಕ್ಕಾ’, ಏಳು ಹಾಲಿಗೆ ಆರು ಕಲ್ದಾರದ ಲೆಕ್ಕ. ಆಚೆಯ ಊರಿನವಳೆಂದು ಹೇಳಿಕೊಂಡವಳ ಗಂಟಿನಲ್ಲಿ ಬರಿ ಕಲ್ದಾರ ಸಿಕ್ಕರೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ಎರಡನೆಯದು ಕರೋಡಗಿರಿ ನಾಕಾ, ಎಂದರೆ ನಿಜಾಮನ ಸುಂಕದ ಕಟ್ಟೆ. ಬುತ್ತಿಗಂಟು, ಸೀರೆಗಂಟು ಬಿಚ್ಚಿಸುವ ಹಕ್ಕು ಅಲ್ಲಿನವರಿಗಿತ್ತು. ಮೂರನೆಯದು ಮಾತು. ಕೊಪ್ಪಳ, ಯಲಬುರ್ಗಾ ಕಡೆ ಕಚೇರಿಯ ಭಾಷೆ ಉರ್ದು, ವರ್ಷ ಫಸಲಿ. ತಹಶೀಲು, ಅಮೀನ, ಗಿರ್ದಾವರ ಎಂಬ ಪದಗಳು ಅಲ್ಲಿನ ಹಳ್ಳಿಯ ಹೆಂಗಸಿನ ಬಾಯಲ್ಲೂ ಸಲೀಸು. ಗದಗಿನವಳು ಬಾಯ್ತಪ್ಪಿ ಮಾಮಲೇದಾರ, ಫೌಜದಾರ ಎಂದರೆ ಮುಂಬಯಿ ಪ್ರಾಂತ್ಯದವಳೆಂದು ಗುರುತು ಸಿಗುತ್ತದೆ. ಫ್ರಾನ್ಸಿನಲ್ಲಿ ನೂರ್ ಚಹಾಕ್ಕೆ ಹಾಲು ಮೊದಲು ಹಾಕಿ ಇಂಗ್ಲಿಷ್ ಅಭ್ಯಾಸವನ್ನು ತೋರಿಸಿಕೊಟ್ಟಳೆಂಬ ಮಾತು ಆಕೆಯ ಜೀವನಚರಿತ್ರೆಗಳಲ್ಲಿ ಬರುತ್ತದೆ. ಮುಂಡರಗಿಯ ಗಡಿಯಲ್ಲಿ ಹಾಗೆ ಎಡವುವ ಕಡೆಗಳು ಹತ್ತಾರಿದ್ದವು.

ಇಂಥ ಹೆಂಗಸರ ದಾಖಲೆ ಏಕೆ ಇಲ್ಲವೆಂಬುದಕ್ಕೆ ಪಿಂಚಣಿ ನಿಯಮಗಳನ್ನೂ ನೋಡಬೇಕು. 1972ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಆರಂಭಿಸಿತು. 1980ರಲ್ಲಿ ಅದನ್ನು ವಿಸ್ತರಿಸಿತು. ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳಲ್ಲಿದ್ದವರಿಗೂ ಮುಂದೆ ಮಾನ್ಯತೆ ಸಿಕ್ಕಿತು. ಜೈಲಿಗೆ ಹೋದ ಮಹಿಳೆಯರಿಗೆ ಆರು ತಿಂಗಳ ಬದಲು ಮೂರು ತಿಂಗಳ ಶಿಕ್ಷೆ ಸಾಕೆಂಬ ರಿಯಾಯಿತಿಯೂ ಇತ್ತು. ಆದರೆ ಭೂಗತರಾಗಿದ್ದವರು ತಾವು ಘೋಷಿತ ಅಪರಾಧಿ ಎಂಬುದನ್ನೋ, ತಮ್ಮನ್ನು ಹಿಡಿದುಕೊಟ್ಟರೆ ಬಹುಮಾನ ಸಾರಿದ್ದರೆಂಬುದನ್ನೋ, ಜಾರಿಯಾಗದ ಬಂಧನದ ಆದೇಶವಿತ್ತೆಂಬುದನ್ನೋ ಕಾಗದದ ಮೂಲಕ ತೋರಿಸಬೇಕಿತ್ತು. ಪೊಲೀಸರಿಗೆ ಸುಳಿವೇ ಕೊಡದೆ ಕೆಲಸ ಮುಗಿಸಿದವಳ ಮೇಲೆ ವಾರಂಟು ಎಲ್ಲಿಂದ ಬರಬೇಕು? ಅವಳ ಜಾಣತನವೇ ಅವಳ ಹಕ್ಕಿಗೆ ಅಡ್ಡ ಬಂತು. ಇದು ಬರಿಯ ಕಚೇರಿಯ ತೊಡಕಲ್ಲ, ಇಡೀ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಆದ ಅನ್ಯಾಯ. ಉಮಾಬಾಯಿಯವರಂತೂ ಪಿಂಚಣಿ, ಪ್ರಶಸ್ತಿ ಯಾವುದನ್ನೂ ಒಪ್ಪದೆ ದೂರ ಉಳಿದರು.

ಹೀಗಾಗಿ ಈ ವಸ್ತುವಿನ ಮೇಲೆ ಕನ್ನಡ ಕಾದಂಬರಿ ಬರೆಯುವವರು ಸಾಮಗ್ರಿಯನ್ನು ಚೂರುಚೂರಾಗಿ ಕೂಡಿಸಬೇಕಾಗುತ್ತದೆ. ಧಾರವಾಡ ಜಿಲ್ಲೆಯ ಪೊಲೀಸ್ ವರದಿಗಳು ಮುಂಬಯಿ ಸರ್ಕಾರದ ಇಂಗ್ಲಿಷ್ ಕಡತಗಳಲ್ಲಿ ಸೇರಿವೆ. ಸಾಂಗ್ಲಿ, ಮಿರಜ ಸಂಸ್ಥಾನಗಳ ಹಳೆಯ ದಫ್ತರ ಮರಾಠಿ, ಮೋಡಿ ಲಿಪಿಯದು. ನಿಜಾಮನ ಆಡಳಿತದ ಕಾಗದ ಉರ್ದುವಿನದು. ಶಿಬಿರಗಳಲ್ಲಿದ್ದ ಗಂಡಸರು ಕನ್ನಡದಲ್ಲಿ ನೆನಪುಗಳನ್ನು ಬರೆದಿದ್ದಾರೆ. ರೊಟ್ಟಿ ಬಡಿದುಕೊಟ್ಟ ತಾಯಂದಿರು, ಚೀಟಿ ಮುಟ್ಟಿಸಿದ ಅಕ್ಕಂದಿರು ಇಂಥ ಪುಸ್ತಕಗಳಲ್ಲಿ ಬಂದರೆ ಹೆಚ್ಚಾಗಿ ಒಂದು ಸಾಲಿನಲ್ಲಿ, ಹೆಸರಿಲ್ಲದೆ ಬರುತ್ತಾರೆ. ಕಾದಂಬರಿಕಾರ ಶುರುಮಾಡಬೇಕಾದ್ದು ಆ ಸಾಲಿನಿಂದ: ಚೀಟಿ ಯಾರು ಕೊಟ್ಟರು, ಯಾವ ನಾಕಾದಲ್ಲಿ ನಿಲ್ಲಿಸಿದರು, ಗಂಟಿನಲ್ಲಿದ್ದ ದುಡ್ಡು ಹಾಲಿಯೋ ಕಲ್ದಾರವೋ, ಮನೆಗೆ ಮರಳಿದ ಮೇಲೆ ಅತ್ತೆಗೆ ಏನು ಹೇಳಿದಳು.